ಸ್ನೋ ನಂಬಿ 40 ಗಂಟೆ

ನಾನು ಕೆನಡಾದ ಒಂಟಾರಿಯೋ ಪ್ರಾಂತ್ಯದ ಬ್ರಾಂಪ್ಟನ್‌ನಲ್ಲಿ ಹನ್ನೆರಡನೇ ಗ್ರೇಡ್. ಇಲ್ಲಿ ಹೈಸ್ಕೂಲ್ ಡಿಪ್ಲೊಮಾ ಬೇಕೆಂದರೆ ನಲವತ್ತು ಗಂಟೆ ದುಡ್ಡಿಲ್ಲದ ಸಮುದಾಯ ಸೇವೆ ಮಾಡಿ ಫಾರ್ಮ್ ತುಂಬಿಸಬೇಕು, ನಾನು ಕಳೆದ ವರ್ಷವೇ ಮುಗಿಸಿದೆ. ಅದರಲ್ಲಿ ಮುಕ್ಕಾಲು ಪಾಲು ಬರೀ ಸಲಿಕೆ ಹಿಡಿದು, ಬೇರೆ ಮನೆಗಳ ಮುಂದಿನ ಸ್ನೋ ತೆಗೆದು ಬಂದದ್ದು. ಹಾಗಂದರೆ ಈಗಲೂ ಜೊತೆಯವರು ನಗುತ್ತಾರೆ. ಅವರಲ್ಲಿ ಮೂವರ ಫಾರ್ಮ್ ಇನ್ನೂ ಅರ್ಧ ಖಾಲಿ ಇದೆ, ನಗಲಿ.

ಎಲ್ಲರೂ ಮೊದಲು ಹೋಗುವ ಕಡೆಗೇ ನಾನೂ ಹೋದೆ. ಲೈಬ್ರರಿಯಲ್ಲಿ ಕಾಯುವ ಪಟ್ಟಿ. ಆಸ್ಪತ್ರೆಯಲ್ಲಿ ಚುಚ್ಚುಮದ್ದಿನ ದಾಖಲೆ, ಟಿಬಿ ಟೆಸ್ಟು, ಮೇಲೆ ತಿಂಗಳುಗಟ್ಟಲೆ ಬರುತ್ತೇನೆಂಬ ಮಾತು. ಫುಡ್ ಬ್ಯಾಂಕ್‌ನಲ್ಲಿ ಡಿಸೆಂಬರ್ ಪೂರ್ತಿ ಭರ್ತಿ. ಆಮೇಲೆ ಮಾಡಿದ್ದು ದಡ್ಡತನ. ಯಾರೋ ನಡೆಸುತ್ತಿದ್ದ ‘ನಾಯಕತ್ವ ಶಿಬಿರ’ಕ್ಕೆ 45 ಡಾಲರ್ ಕಟ್ಟಿದೆ, ಒಂದು ಶನಿವಾರ ಕೂತೆದ್ದರೆ ಆರು ಗಂಟೆ ಅಂದಿದ್ದರು. ಕುರ್ಚಿ ಜೋಡಿಸಿದೆ, ಪಿಜ್ಜಾ ತಿಂದೆ, ಸರ್ಟಿಫಿಕೇಟ್ ತಂದೆ. ಶಾಲೆಯಲ್ಲಿ ಕೌನ್ಸೆಲರ್ ಅದನ್ನು ಎರಡು ಸಲ ತಿರುಗಿಸಿ ನೋಡಿ, ‘ಇದರಲ್ಲಿ ನೀನು ಯಾರಿಗೆ ಏನು ಮಾಡಿಕೊಟ್ಟೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 45 ಡಾಲರ್ ಹೋಯಿತು.

ಸ್ನೋ ಯೋಚನೆ ಬಂದದ್ದು ಪಕ್ಕದ ಮನೆಯ ಪೋರ್ಚುಗೀಸ್ ಅಜ್ಜಿಯಿಂದ. ಒಂದು ಬೆಳಿಗ್ಗೆ ಅವರು ಸಲಿಕೆಗೆ ಒರಗಿ ಸುಮ್ಮನೆ ನಿಂತಿದ್ದರು, ಆಡಿಸುತ್ತಿರಲಿಲ್ಲ. ನಾನು ಹನ್ನೆರಡು ವರ್ಷ ತೀರ್ಥಹಳ್ಳಿ ಕಡೆ ಬೆಳೆದವನು, ಮಳೆಗಾಲದಲ್ಲಿ ಅಂಗಳದ ಹಾವಸೆ ಕೆರೆದ ಕೈ. ಇದೇನು ಮಹಾ ಅನ್ನಿಸಿತು. ಅಪ್ಪ ಮಾತ್ರ, ‘ಮಳೆ ನಂಬಿ ತೋಟ ಮಾಡಿದ್ದು ಸಾಕಾಗಿ ಇಲ್ಲಿಗೆ ಬಂದ್ವಿ, ನೀನು ಸ್ನೋ ನಂಬಿ ಡಿಪ್ಲೊಮಾ ತಗೋತೀಯಾ?’ ಅಂದರು.

ಅಪ್ಪನ ಮಾತೇ ನಿಜವಾಯಿತು, ಮೊದಲ ವರ್ಷದ ಮಟ್ಟಿಗೆ. 2023-24ರ ಚಳಿಗಾಲ ಎಷ್ಟು ಬೆಚ್ಚಗಿತ್ತು ಅಂತ ಇಲ್ಲಿನವರಿಗೆ ನೆನಪಿರುತ್ತದೆ. ಸಲಿಕೆ ಕೊಂಡಿಟ್ಟು ಆಕಾಶ ನೋಡುತ್ತಾ ಕೂತೆ. ಇಡೀ ಚಳಿಗಾಲಕ್ಕೆ ಆರು ಗಂಟೆ ಆಯಿತೇನೋ. ಅದರಲ್ಲೂ ಎರಡು ಕೈಬಿಟ್ಟವು. ಬೀದಿಯ ಕೊನೆಯ ಮನೆಯವರು ಇಪ್ಪತ್ತರ ನೋಟು ಕೊಟ್ಟರು, ನಾನು ಜೇಬಿಗಿಳಿಸಿದೆ, ಫಾರ್ಮಿಗೆ ಸಹಿ ಹಾಕುವಾಗ ಅವರು ಪ್ರಾಮಾಣಿಕವಾಗಿ ಅದನ್ನೂ ಬರೆದುಬಿಟ್ಟರು. ದುಡ್ಡು ಮುಟ್ಟಿದರೆ ಅದು ಸೇವೆ ಅಲ್ಲ, ಕೂಲಿ. ಆಮೇಲಿಂದ ನೋಟು ಕಂಡರೆ ಎರಡೂ ಕೈ ಬೆನ್ನ ಹಿಂದೆ. ಅಜ್ಜಿ ಕೊಡುತ್ತಿದ್ದ ಬಿಸಿ ಮೊಟ್ಟೆ ಟಾರ್ಟ್ ಮಾತ್ರ ಬಿಡಲಿಲ್ಲ. ತಿಂಡಿ ದುಡ್ಡಲ್ಲ, ಇದು ನನ್ನ ವಾದ. ಮನೆಯಲ್ಲಿ ಅಮ್ಮನಿಗೆ ಮೊಟ್ಟೆಯ ವಿಷಯ ಹೇಳಿಲ್ಲ.

ಮೊದಲ ಸಲಿಕೆ ಪ್ಲಾಸ್ಟಿಕ್ಕಿನದು, 22 ಡಾಲರ್ ಇರಬೇಕು. ಅದು ಮುರಿದದ್ದು ಡ್ರೈವ್‌ವೇ ಬಾಯಲ್ಲಿ, ಅಂದರೆ ಮನೆಯ ಕಾರು ದಾರಿ ಬೀದಿಗೆ ಸೇರುವ ಕಡೆ. ಹೊಸದಾಗಿ ಬಿದ್ದ ಸ್ನೋ ಹತ್ತಿಯ ಹಾಗೆ, ಮಕ್ಕಳೂ ತಳ್ಳಬಹುದು. ಕಷ್ಟ ಇರುವುದು ಬೀದಿಯ ಸ್ನೋ ತಳ್ಳುವ ಪ್ಲೌ ಗಾಡಿ ಹೋದ ಮೇಲೆ. ಬೀದಿಯದನ್ನೆಲ್ಲ ಒತ್ತಿ ತಂದು ಪ್ರತಿ ಮನೆಯ ಬಾಯಿಗೆ ಅಡ್ಡ ಬದು ಹಾಕಿ ಹೋಗುತ್ತದೆ. ಮೊಣಕಾಲೆತ್ತರ, ಬೂದು ಬಣ್ಣ, ಒಳಗೆಲ್ಲ ಗಟ್ಟಿ ಮಂಜಿನ ಹೆಂಟೆ. ಅರ್ಧ ಗಂಟೆ ಬಿಟ್ಟರೆ ಸಿಮೆಂಟು. ಅದಕ್ಕೆ ಸಲಿಕೆ ಚುಚ್ಚಿ ಮೀಟಿದೆ, ಹಿಡಿ ನನ್ನ ಕೈಯಲ್ಲಿ, ಅಲಗು ಬದುವಿನಲ್ಲಿ. ಎರಡನೆಯದಕ್ಕೆ ಅಂಚಿಗೆ ಲೋಹದ ಪಟ್ಟಿ ಇತ್ತು, 38 ಡಾಲರ್. ಈಗ ಮೀಟುವುದಿಲ್ಲ. ಮೇಲಿನಿಂದ ಬ್ರೆಡ್ ಹೋಳು ಮಾಡಿದ ಹಾಗೆ ಕಡಿದು, ಹೋಳನ್ನು ಮಾತ್ರ ಎತ್ತುತ್ತೇನೆ. ಸೊಂಟ ಉಳಿಯಿತು.

ಸಲಿಕೆಗೆ ಒದ್ದೆ ಸ್ನೋ ಅಂಟುತ್ತದಲ್ಲ, ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ. ಗ್ಯಾರೇಜಿನಲ್ಲಿ ಎಣ್ಣೆ ಬಾಟಲಿಯೊಳಗೇ ಕಲ್ಲಾಗಿತ್ತು, ಚಮಚದಲ್ಲಿ ಕೆರೆದು ಉಜ್ಜಿದೆ. ಮೊದಲ ಹತ್ತು ನಿಮಿಷ ಸ್ನೋ ಜಾರಿ ಬಿತ್ತು, ಆಮೇಲೆ ಮೊದಲಿನ ಹಾಗೇ. ಮೇಣದ ಬತ್ತಿ ಉಜ್ಜಿದರೆ ಹೆಚ್ಚು ಬಾಳುತ್ತದೆ. ಇನ್ನೊಂದು ಪ್ರಯೋಗ ಹೇಳಲು ನಾಚಿಕೆ. ಊರಲ್ಲಿ ಜಾರುವ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತಾರಲ್ಲ, ಆ ನೆನಪಿನಲ್ಲಿ ಅಜ್ಜಿಯ ಮೆಟ್ಟಿಲಿಗೆ ರಟ್ಟು ಹಾಸಿ ಬಂದೆ. ರಾತ್ರಿ ನೆನೆದು ಮೆಟ್ಟಿಲಿಗೇ ಹೆಪ್ಪುಗಟ್ಟಿತ್ತು. ಕೆರೆಯಲು ನಲವತ್ತು ನಿಮಿಷ ಹಿಡಿಯಿತು, ಅದನ್ನು ಲೆಕ್ಕಕ್ಕೆ ಬರೆಯಲಿಲ್ಲ. ಮಂಜು ಕರಗಲೆಂದು ಹಾಕುವ ಕಲ್ಲುಪ್ಪು ಮೈನಸ್ ಹತ್ತು ಡಿಗ್ರಿಯ ಕೆಳಗೆ ಕೆಲಸ ಮಾಡುವುದು ಅಷ್ಟಕ್ಕಷ್ಟೇ. ಆಗ ಮರಳೇ ಗತಿ. ಅದು ಕರಗಿಸುವುದಿಲ್ಲ, ಜಾರದಂತೆ ಹಿಡಿಯುತ್ತದೆ, ಅಷ್ಟು ಸಾಕು.

ಮುಂದಿನ ವರ್ಷ ಚಳಿಗೆ ಮೊದಲೇ ಎಲೆ ಗುಡಿಸಿ ಹತ್ತು ಗಂಟೆ ಮಾಡಿಕೊಂಡೆ. ಆ ನೆಪದಲ್ಲಿ ನಾಲ್ಕು ಮನೆ ಖಾಯಂ ಆದವು. ಡಿಸೆಂಬರ್, ಜನವರಿ ಸೇರಿ ಇನ್ನು ಹತ್ತು. ಆಮೇಲೆ 2025ರ ಫೆಬ್ರವರಿ ಬಂತು ನೋಡಿ. ಬುಧವಾರ ರಾತ್ರಿ ಒಂದು ಭಾರೀ ಸ್ನೋ, ಅದು ತೆಗೆದು ಮುಗಿಸುವಷ್ಟರಲ್ಲಿ ಫ್ಯಾಮಿಲಿ ಡೇ ರಜೆಗೆ ಸರಿಯಾಗಿ ಇನ್ನೊಂದು. ತೆಗೆದದ್ದನ್ನು ಹಾಕಲು ಜಾಗವಿಲ್ಲದೆ ಗುಡ್ಡೆ ನನ್ನ ಎದೆಮಟ್ಟ ಬಂತು. ರಜೆಯ ಮೂರು ದಿನದಲ್ಲೇ ಒಂಬತ್ತು ಗಂಟೆ, ಆ ತಿಂಗಳು ಒಟ್ಟು ಹದಿನೆಂಟು. ಶಾಲೆಯ ಹೊತ್ತಿನದು ಲೆಕ್ಕಕ್ಕಿಲ್ಲ ಅಂತ ಬೆಳಿಗ್ಗೆ ಐದೂವರೆಗೆ ಏಳುತ್ತಿದ್ದೆ. ಎದುರು ಮನೆಯ ಪಂಜಾಬಿ ತಾತ ಕಿಟಕಿಯಿಂದಲೇ ‘ಪುತ್ತರ್, ಚಾ!’ ಅಂತ ಕೂಗುವರು. ಅಪ್ಪ ಸೋಮವಾರ ತಾನೂ ಒಂದು ಸಲಿಕೆ ಹಿಡಿದು ಬಂದರು. ಏನೂ ಹೇಳಲಿಲ್ಲ, ನಮ್ಮ ಮನೆಯದನ್ನು ಮಾತ್ರ ತೆಗೆದು ಒಳಗೆ ಹೋದರು. ಅದು ಗಂಟೆಗೆ ಬರುವುದಿಲ್ಲ ಅಂತ ಅವರಿಗೂ ಗೊತ್ತಿತ್ತು.

ಫಾರ್ಮ್ ಮೊದಲ ಸಲ ವಾಪಸ್ ಬಂತು. ಎಲ್ಲರ ಸಹಿಯನ್ನೂ ಒಂದೇ ಭಾನುವಾರ, ಒಂದೇ ಪೆನ್ನಿನಲ್ಲಿ ಹಾಕಿಸಿದ್ದೆ, ಅನುಮಾನ ಬಂದು ಶಾಲೆಯವರು ಫೋನ್ ಮಾಡಿದರೆ ಅಜ್ಜಿಗೆ ಕಿವಿ ಮಂದ, ಎತ್ತಲೇ ಇಲ್ಲ. ನನ್ನನ್ನು ಉಳಿಸಿದ್ದು ಜೇಬಿನ ನೋಟ್‌ಬುಕ್. ತಾರೀಕು, ಶುರು, ಮುಗಿದದ್ದು, ಪ್ರತಿ ಸಲ ಮುಂಚಿನದೊಂದು ಆಮೇಲಿನದೊಂದು ಫೋಟೋ. 50 ನಿಮಿಷವನ್ನು ಒಂದು ಗಂಟೆ ಅಂತ ಎಲ್ಲೂ ಬರೆದಿರಲಿಲ್ಲ. ಅದು ನೋಡಿದ ಮೇಲೆ ಒಪ್ಪಿದರು. ನೀವು ಅವತ್ತಿನದಕ್ಕೆ ಅವತ್ತೇ ಸಹಿ ಹಾಕಿಸಿ.

ಖರ್ಚು ಶಿಬಿರ ಸೇರಿ ಸುಮಾರು 150 ಡಾಲರ್: ಎರಡು ಸಲಿಕೆ, ಮೂರು ಚೀಲ ಉಪ್ಪು, ಒಂದು ಜೊತೆ ಗ್ಲೌಸ್. ಗಂಟೆಗೆ ಹೆಚ್ಚುಕಡಿಮೆ ಮೂರೂವರೆ ಡಾಲರ್ ನಾನೇ ಕೊಟ್ಟು ದುಡಿದ ಹಾಗಾಯಿತು. ಬಂದದ್ದು 42 ಗಂಟೆ.

ಗುರುತಿಲ್ಲದ ಮನೆಯವರು ಬಾಗಿಲು ತೆರೆದು ಹೂಂ ಅನ್ನುವಂತೆ ಏನು ಹೇಳಬೇಕು ಅನ್ನುವುದೊಂದು ಉಪಾಯ ಇದೆ, ಬರೆಯುವುದಿಲ್ಲ. ತಮ್ಮ ಈ ಸಲ ಎಂಟನೇ ಗ್ರೇಡ್ ಮುಗಿಸುತ್ತಾನೆ, ಬೇಸಿಗೆಯಿಂದಲೇ ಗಂಟೆ ಸೇರಿಸಬಹುದು, ಮನೆಗಳು ಅವನಿಗೆ ಬೇಕು. ಲೋಹದ ಪಟ್ಟಿಯ ಸಲಿಕೆಗೆ ಹದಿನೈದು ಡಾಲರ್ ಕೇಳಿದ್ದೇನೆ. ಹತ್ತಕ್ಕೆ ನಿಂತಿದ್ದಾನೆ.