ಕರೆಂಟ್ ಬಂದ ಮೇಲೆ ಮೊದಲು ಏಳಬೇಕಾದದ್ದು ಯಾವುದು? ಕಾಟಾ ಕಂಪ್ಯೂಟರಿನ ಸರ್ವೀಸ್‌ಗಳೊಂದಿಗೆ ನನ್ನ ಅನುಭವ

ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಕರೆಯುವವರು ಹೆಚ್ಚಾಗಿ ಕೇಳುವುದು ಒಂದೇ ಮಾತು: "ಸಿಸ್ಟಮ್ ಬಹಳ ನಿಧಾನವಾಗಿದೆ, ಬೇಡದ ಸರ್ವೀಸ್‌ಗಳನ್ನೆಲ್ಲ ಬಂದ್ ಮಾಡಿಕೊಡಿ ಸರ್." ಯೂಟ್ಯೂಬಿನಲ್ಲಿ ಇಂಥ ಪಟ್ಟಿಗಳಿಗೆ ಬರವಿಲ್ಲ. ಇಷ್ಟನ್ನು ಡಿಸೇಬಲ್ ಮಾಡಿದರೆ ಹಳೆಯ ಯಂತ್ರ ಹೊಸದರಂತೆ ಓಡುತ್ತದೆ ಎಂದು ಅವು ಭರವಸೆ ಕೊಡುತ್ತವೆ. ನಾನು ಆ ದಾರಿ ಹಿಡಿಯುವುದಿಲ್ಲ. ಲಾರಿ ತೂಗುವ ಕಾಟಾದ ಕಂಪ್ಯೂಟರಿನಲ್ಲಿ ಯಾವುದನ್ನು ನಿಲ್ಲಿಸಬೇಕು ಎನ್ನುವುದು ಎರಡನೆಯ ಪ್ರಶ್ನೆ. ಕರೆಂಟ್ ಹೋಗಿ ಬಂದ ಮೇಲೆ ಯಾವುದು ತಾನಾಗಿ ಏಳಬೇಕು, ಯಾವುದರ ಹಿಂದೆ ಯಾವುದು ಏಳಬೇಕು ಎನ್ನುವುದು ಮೊದಲನೆಯದು.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಕೊಯ್ಲು ಶುರುವಾದರೆ ಕಾಟಾದ ಮುಂದೆ ಲಾರಿ, ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ತುಂಬಿದ ಲಾರಿಯನ್ನು ಮೊದಲು ತೂಗುತ್ತಾರೆ, ಹಮಾಲರು ಭತ್ತ ಇಳಿಸುತ್ತಾರೆ, ಆಮೇಲೆ ಖಾಲಿ ಲಾರಿಯನ್ನು ಮತ್ತೆ ತೂಗುತ್ತಾರೆ. ಎರಡರ ವ್ಯತ್ಯಾಸವೇ ರೈತನ ಭತ್ತದ ತೂಕ. 75 ಕಿಲೋ ಚೀಲದ ಲೆಕ್ಕದಲ್ಲಿ ಹಣ ಕೊಡುವುದು ಆ ಚೀಟಿಯ ಮೇಲೆಯೇ. ಮೊದಲ ತೂಕಕ್ಕೂ ಎರಡನೆಯ ತೂಕಕ್ಕೂ ನಡುವೆ ಕಂಪ್ಯೂಟರ್ ಕೈಕೊಟ್ಟರೆ ಲಾರಿ ಅಲ್ಲಿಂದ ಕದಲುವಂತಿಲ್ಲ, ಹಿಂದಿನ ಸಾಲೂ ಕದಲುವುದಿಲ್ಲ. ಆದ್ದರಿಂದಲೇ ಈ ಒಂದು ಯಂತ್ರದ ಬಗ್ಗೆ ನನಗೆ ಬೇರೆಲ್ಲಕ್ಕಿಂತ ಹೆಚ್ಚು ಕಾಳಜಿ.

ಸರ್ವೀಸ್ ಎಂದರೆ ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡಬಲ್ಲ ಪ್ರೋಗ್ರಾಮ್. ಅದಕ್ಕೆ ಕಿಟಕಿಯಿಲ್ಲ, ಗುಂಡಿಯಿಲ್ಲ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಸರ್ವೀಸ್‌ಗಳನ್ನು 'ಸೆಷನ್ ಸೊನ್ನೆ' ಎಂಬ ಪ್ರತ್ಯೇಕ ಜಾಗದಲ್ಲಿ ಇಟ್ಟಿರುವುದರಿಂದ, ಒಳಗೆ ಏನಾದರೂ ಕೆಟ್ಟರೂ ನಮ್ಮ ಪರದೆಯ ಮೇಲೆ ಸಂದೇಶ ಮೂಡುವುದಿಲ್ಲ. ಕಾಟಾದಲ್ಲಿ ಇಂಥವು ಮುಖ್ಯವಾಗಿ ನಾಲ್ಕು: ತೂಕದ ದಾಖಲೆ ಇಡುವ ಡೇಟಾಬೇಸ್, ಕಾಟಾದ ತೂಕವನ್ನು ಅಂಕಿಯಲ್ಲಿ ತೋರಿಸುವ ಪೆಟ್ಟಿಗೆಯಾದ ಇಂಡಿಕೇಟರಿನಿಂದ ತೂಕ ಓದುವ ಸರ್ವೀಸ್, ಚೀಟಿಗಳನ್ನು ಸರದಿಯಲ್ಲಿಟ್ಟು ಪ್ರಿಂಟರಿಗೆ ಕಳಿಸುವ ಪ್ರಿಂಟ್ ಸ್ಪೂಲರ್, ಯುಪಿಎಸ್ ಮೇಲೆ ಕಣ್ಣಿಡುವ ಸರ್ವೀಸ್. ಗುಮಾಸ್ತರು ನೋಡುವ ತೂಕದ ಪರದೆ ಇವುಗಳ ಮೇಲೆ ಕೂತಿರುವ ಒಂದು ಮುಖ ಮಾತ್ರ.

ಯುಪಿಎಸ್ ಸರ್ವೀಸ್ ನನಗೆ ಕಲಿಸಿದ ಪಾಠವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಂದು ಗಿರಣಿಯಿಂದ ಪದೇ ಪದೇ ಫೋನ್ ಬರುತ್ತಿತ್ತು. "ಲಾರಿ ಕಾಟಾದ ಮೇಲೆ ನಿಂತಿದೆ ಸರ್, ಇಂಡಿಕೇಟರಿನಲ್ಲಿ ತೂಕ ಸರಿಯಾಗಿ ಬರುತ್ತಿದೆ, ಕಂಪ್ಯೂಟರಿನಲ್ಲಿ ಮಾತ್ರ ಸೊನ್ನೆ." ಒಮ್ಮೊಮ್ಮೆ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ನನ್ನನ್ನು ಕರೆಯುವ ಹೊತ್ತಿಗೆ ಕೇಬಲ್ ಬದಲಾಗಿತ್ತು, ಇಂಡಿಕೇಟರನ್ನೂ ಬಿಚ್ಚಿ ನೋಡಿಯಾಗಿತ್ತು. ತಂತಿಯ ದೋಷಕ್ಕೆ ಅಲುಗಾಟ, ತುಕ್ಕು, ಬಿಸಿಲು ಎಂಬ ಕಾರಣಗಳಿರುತ್ತವೆ. ಇಲ್ಲಿ ಮಾತ್ರ ತೊಂದರೆ ಯಾವಾಗಲೂ ಕಂಪ್ಯೂಟರ್ ಆನ್ ಆದ ಗಳಿಗೆಯಲ್ಲೇ ನಿರ್ಧಾರವಾಗುತ್ತಿತ್ತು. ಸರಿಯಾಗಿ ಶುರುವಾದರೆ ಸಂಜೆಯವರೆಗೂ ಸರಿ, ತಪ್ಪಾಗಿ ಶುರುವಾದರೆ ಸಂಜೆಯವರೆಗೂ ತಪ್ಪು. ಇದು ತಂತಿಯ ಲಕ್ಷಣವಲ್ಲ, ಯಾವುದು ಮೊದಲು ಏಳುತ್ತದೆ ಎಂಬ ಸರ್ವೀಸ್‌ಗಳ ಪೈಪೋಟಿಯ ಲಕ್ಷಣ.

ಇಂಡಿಕೇಟರ್ ತೂಕವನ್ನು ಸೀರಿಯಲ್ ಪೋರ್ಟಿನ ಮೂಲಕ ಕಳಿಸುತ್ತದೆ. ವಿಂಡೋಸಿನಲ್ಲಿ ಇದಕ್ಕೆ ಕಾಮ್ ಪೋರ್ಟ್ ಎಂದು ಹೆಸರು. ಒಂದು ಕಾಮ್ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮ್ ತೆರೆದಿಟ್ಟುಕೊಳ್ಳಬಹುದು. ಎರಡನೆಯದು ಬಂದು ಬಾಗಿಲು ತಟ್ಟಿದರೆ 'ಆಕ್ಸೆಸ್ ಡಿನೈಡ್' ಎಂಬ ಉತ್ತರ. ಹಾಗಾದರೆ ಬೇರೆ ಯಾರು ಹಿಡಿದಿದ್ದಾರೆ? ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಂಗ್ರಹದ ಪ್ರೋಸೆಸ್ ಎಕ್ಸ್‌ಪ್ಲೋರರ್ ಎಂಬ ಉಚಿತ ಉಪಕರಣವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಹುಡುಕುವ ಜಾಗದಲ್ಲಿ 'ಸೀರಿಯಲ್0' ಎಂದು ಕೊಟ್ಟೆ. ವಿಂಡೋಸಿನ ಒಳಗೆ ಕಾಮ್1 ಪೋರ್ಟಿನ ಹೆಸರು ಸಾಮಾನ್ಯವಾಗಿ ಅದೇ. ಸಿಕ್ಕಿದ್ದು ಯುಪಿಎಸ್ ತಂತ್ರಾಂಶದ ಸರ್ವೀಸ್. ಯುಪಿಎಸ್ ಜೋಡಿಸಿದ್ದು ಯುಎಸ್‌ಬಿ ಕೇಬಲಿನಲ್ಲಿ. ಆದರೂ ಅದರ ಸರ್ವೀಸ್ ಎದ್ದೊಡನೆ "ನನ್ನ ಯಂತ್ರ ಎಲ್ಲಿದೆ" ಎಂದು ಕಾಮ್1ರಿಂದ ಶುರುಮಾಡಿ ಒಂದೊಂದೇ ಪೋರ್ಟನ್ನು ತಡಕುತ್ತಿತ್ತು. ತೂಕದ ಸರ್ವೀಸ್ ಅದಕ್ಕಿಂತ ಮೊದಲು ಎದ್ದರೆ ಪೋರ್ಟ್ ಅದರ ಪಾಲು, ಇಲ್ಲವಾದರೆ ಯುಪಿಎಸ್ ಪಾಲು. ಬಡಪಾಯಿ ಕೇಬಲಿಗೆ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ.

ಯುಪಿಎಸ್ ಸರ್ವೀಸನ್ನು ಡಿಸೇಬಲ್ ಮಾಡಿದ್ದರೆ ತೊಂದರೆ ಅಂದೇ ಮುಗಿಯುತ್ತಿತ್ತು, ನಿಜ. ಆದರೆ ಬ್ಯಾಟರಿ ಮುಗಿಯುವ ಮುನ್ನ ಕಂಪ್ಯೂಟರನ್ನು ಕ್ರಮವಾಗಿ ಮುಚ್ಚುವುದು ಆ ಸರ್ವೀಸ್‌ನ ಕೆಲಸ. ಡೇಟಾಬೇಸ್ ಇರುವ ಯಂತ್ರದಲ್ಲಿ ಆ ಕೆಲಸ ಬೇಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಪೋರ್ಟ್ ಹುಡುಕುವ ಆಯ್ಕೆಯನ್ನು ತೆಗೆದು, ಯುಎಸ್‌ಬಿಯನ್ನೇ ನಿಗದಿ ಮಾಡಿದೆ. ಜೊತೆಗೆ ಆ ಸರ್ವೀಸನ್ನು 'ಆಟೋಮ್ಯಾಟಿಕ್ ಡಿಲೇಡ್ ಸ್ಟಾರ್ಟ್'ಗೆ ಬದಲಿಸಿದೆ. ಉಳಿದ ಆಟೋಮ್ಯಾಟಿಕ್ ಸರ್ವೀಸ್‌ಗಳೆಲ್ಲ ಎದ್ದ ಮೇಲೆ ಸುಮಾರು ಎರಡು ನಿಮಿಷ ಬಿಟ್ಟು ಅದು ಶುರುವಾಗುತ್ತದೆ. ಡಿಲೇ ಒಂದನ್ನೇ ನಂಬಿ ಕೂರುವಂತಿಲ್ಲ. ಮಧ್ಯಾಹ್ನ ತೂಕದ ಸರ್ವೀಸ್ ಒಮ್ಮೆ ಬಿದ್ದೆದ್ದರೆ, ಆ ಸಂದಿಯಲ್ಲಿ ಪೋರ್ಟ್ ಮತ್ತೆ ಯುಪಿಎಸ್ ಕೈಗೆ ಹೋಗಬಹುದು. ರೋಗದ ಬೇರು ಪೋರ್ಟ್ ತಡಕುವ ಅಭ್ಯಾಸದಲ್ಲಿತ್ತು, ಅದನ್ನು ಕಿತ್ತಿದ್ದೇ ನಿಜವಾದ ಮದ್ದು.

ಇನ್ನು ಡೇಟಾಬೇಸ್. ನಾನು ನೋಡಿಕೊಳ್ಳುವ ಗಿರಣಿಗಳಲ್ಲಿ ಮೈಕ್ರೋಸಾಫ್ಟಿನ ಉಚಿತ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಹೆಚ್ಚು. ಹಠಾತ್ತಾಗಿ ಕರೆಂಟ್ ಹೋಗಿದ್ದರೆ, ಅದು ಏಳುವಾಗ ತನ್ನ ಲಾಗ್ ಕಡತವನ್ನು ಓದಿ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಸರಿಪಡಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಆಂಟಿವೈರಸ್, ವಿಂಡೋಸ್ ಅಪ್‌ಡೇಟ್, ಸರ್ಚ್ ಇಂಡೆಕ್ಸ್ ಎಲ್ಲವೂ ಒಟ್ಟಿಗೆ ಎರಗುತ್ತವೆ. ಒಂದು ಸರ್ವೀಸ್ 30 ಸೆಕೆಂಡಿನೊಳಗೆ "ಬಂದೆ" ಎಂದು ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಕೈಬಿಡುತ್ತದೆ. ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗಿನಲ್ಲಿ ಇದು 7009 ಮತ್ತು 7000 ಎಂಬ ಸಂಖ್ಯೆಗಳಲ್ಲಿ ದಾಖಲಾಗಿರುತ್ತದೆ. ಅದರ ಸ್ವಲ್ಪ ಹಿಂದೆ 41 ಎಂಬ ಸಂಖ್ಯೆ ಇದ್ದರೆ, ಯಂತ್ರ ಕ್ರಮವಾಗಿ ಮುಚ್ಚದೆ ಮತ್ತೆ ಎದ್ದಿದೆ ಎಂದರ್ಥ. ಗುಮಾಸ್ತರು ಏನು ಹೇಳಿದರೂ ಕೇಳಿಸಿಕೊಂಡು, ಕೊನೆಗೆ ನಾನು ನೆಚ್ಚುವುದು ಈ ಸಂಖ್ಯೆಗಳನ್ನೇ. ಒಂದು ವಾರದ ಲಾಗ್ ಓದಿದರೆ ಆ ಗಿರಣಿಯ ಕರೆಂಟಿನ ಕಥೆಯೆಲ್ಲ ತಿಳಿಯುತ್ತದೆ.

ಡೇಟಾಬೇಸನ್ನು ನಾನು ಆಟೋಮ್ಯಾಟಿಕ್‌ನಲ್ಲೇ ಬಿಡುತ್ತೇನೆ, ತೂಕದ ಸರ್ವೀಸನ್ನು ಅದಕ್ಕೆ ಅವಲಂಬಿತವಾಗಿ ಮಾಡುತ್ತೇನೆ. ಅದನ್ನು ಕಮಾಂಡ್ ಪ್ರಾಂಪ್ಟಿನಲ್ಲಿ 'ಎಸ್‌ಸಿ ಕಾನ್ಫಿಗ್' ಆಜ್ಞೆಯ 'ಡಿಪೆಂಡ್' ಆಯ್ಕೆಯಿಂದ ಮಾಡಬೇಕು. ಎರಡು ಎಚ್ಚರಿಕೆಗಳಿವೆ. ಸಮ ಚಿಹ್ನೆಯ ನಂತರ ಒಂದು ಖಾಲಿ ಜಾಗ ಬಿಡಬೇಕು. ಮತ್ತು ಈ ಆಜ್ಞೆ ಹಳೆಯ ಪಟ್ಟಿಗೆ ಸೇರಿಸುವುದಿಲ್ಲ, ಪಟ್ಟಿಯನ್ನೇ ಹೊಸದಾಗಿ ಬರೆಯುತ್ತದೆ. ಆದ್ದರಿಂದ ಮೊದಲು 'ಎಸ್‌ಸಿ ಕ್ಯೂಸಿ' ಹಾಕಿ ಈಗಾಗಲೇ ಯಾವ ಅವಲಂಬನೆಗಳಿವೆ ಎಂದು ನೋಡಿಕೊಂಡು, ಅವನ್ನೂ ಸೇರಿಸಿ ಬರೆಯಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಡೇಟಾಬೇಸ್ ಸರ್ವೀಸ್ 'ರನ್ನಿಂಗ್' ಎಂದು ತೋರಿಸಿದ ಮಾತ್ರಕ್ಕೆ ನಮ್ಮ ತೂಕದ ಕಡತ ತೆರೆದಿದೆ ಎಂದಲ್ಲ, ಅದರ ರಿಪೇರಿ ಇನ್ನೂ ನಡೆದಿರಬಹುದು. ತೂಕದ ಸರ್ವೀಸ್ ಆಗ ಹೋಗಿ ಕದ ತಟ್ಟಿ, ಉತ್ತರ ಸಿಗದೆ ಬಿದ್ದುಹೋಗುತ್ತದೆ. ಇದಕ್ಕೆ ರಿಕವರಿ ಎಂಬ ಪುಟವಿದೆ. ಸರ್ವೀಸ್‌ನ ಪ್ರಾಪರ್ಟೀಸ್ ತೆರೆದರೆ ಮೊದಲ ವೈಫಲ್ಯ, ಎರಡನೆಯದು, ಮುಂದಿನವು ಎಂದು ಮೂರು ಸಾಲುಗಳಿರುತ್ತವೆ. ಮೂರಕ್ಕೂ 'ರೀಸ್ಟಾರ್ಟ್ ದಿ ಸರ್ವೀಸ್' ಕೊಟ್ಟು, ಒಂದು ನಿಮಿಷದ ಅಂತರ ಇಡುತ್ತೇನೆ. ಕೆಳಗಿರುವ, ದೋಷದೊಂದಿಗೆ ನಿಂತರೂ ಈ ಕ್ರಮ ಜಾರಿಯಾಗಲಿ ಎನ್ನುವ ಚೌಕಕ್ಕೆ ಗುರುತು ಹಾಕುವುದು ಬಹಳ ಮುಖ್ಯ. ಅದಿಲ್ಲದಿದ್ದರೆ, ಸರ್ವೀಸ್ ತಾನೇ ದೋಷ ವರದಿ ಮಾಡಿ ನಿಂತಾಗ ವಿಂಡೋಸ್ ಸುಮ್ಮನಿರುತ್ತದೆ. ಒಂದು ಮಿತಿಯನ್ನೂ ತಿಳಿದಿರಬೇಕು: ಸರ್ವೀಸ್ ಬಿದ್ದರೆ ರಿಕವರಿ ಎಬ್ಬಿಸುತ್ತದೆ, ಜೀವವಿದ್ದೂ ಅಲುಗದೆ ನಿಂತುಬಿಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಸ್ಪೂಲರ್ ವಿಷಯದಲ್ಲಿ ಇಂಥ ಅಲುಗದ ಸ್ಥಿತಿಯೇ ಹೆಚ್ಚು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಗುಮಾಸ್ತರು ಪ್ರಿಂಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ, ಒಂದು ಕೆಟ್ಟ ಕಡತ ಮುಂದೆ ಕುಳಿತು ಉಳಿದವನ್ನೆಲ್ಲ ತಡೆಯುತ್ತದೆ. ಸ್ಪೂಲರ್ ನಿಲ್ಲಿಸಿ, ಸಿಸ್ಟಮ್32ರ ಒಳಗಿನ ಸ್ಪೂಲ್ ಫೋಲ್ಡರಿನ ಪ್ರಿಂಟರ್ಸ್ ಎಂಬ ಜಾಗದಲ್ಲಿರುವ ಎಸ್‌ಪಿಎಲ್, ಎಸ್‌ಎಚ್‌ಡಿ ಕಡತಗಳನ್ನು ಅಳಿಸಿ, ಮತ್ತೆ ಶುರುಮಾಡಿದರೆ ಆಯಿತು. ಇದನ್ನು ಒಂದು ಬ್ಯಾಚ್ ಕಡತವಾಗಿ ಬರೆದು ಡೆಸ್ಕ್‌ಟಾಪಿನಲ್ಲಿ 'ಚೀಟಿ ಬರುತ್ತಿಲ್ಲ' ಎಂಬ ಹೆಸರಿನಲ್ಲಿ ಇಡುತ್ತೇನೆ. ರಾತ್ರಿ ಪಾಳಿಯ ಹುಡುಗನೂ ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬಲ್ಲ. ಪ್ರಿಂಟರೇ ಇಲ್ಲದ ಕಂಪ್ಯೂಟರುಗಳಲ್ಲಿ ಮಾತ್ರ ಸ್ಪೂಲರನ್ನು ಮುಲಾಜಿಲ್ಲದೆ ಡಿಸೇಬಲ್ ಮಾಡುತ್ತೇನೆ. 2021ರಲ್ಲಿ ಹೊರಬಿದ್ದ ಪ್ರಿಂಟ್‌ನೈಟ್‌ಮೇರ್ ದೋಷ ಇದೇ ಸರ್ವೀಸ್‌ನ ಮೂಲಕ ಯಂತ್ರದ ಪೂರ್ತಿ ಹಿಡಿತ ಬಿಟ್ಟುಕೊಡುವಂಥದ್ದಾಗಿತ್ತು.

ಗಡಿಯಾರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಪೂರ್ತಿ ಹೋಗಿ ಬಂದಾಗ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ತೂಕದ ಚೀಟಿಯಲ್ಲಿ ತಪ್ಪು ದಿನಾಂಕ ಬಿದ್ದರೆ ಹಣ ಪಡೆಯುವಾಗ ರೈತನೇ ಉತ್ತರ ಕೊಡಬೇಕಾಗುತ್ತದೆ. ವಿಂಡೋಸ್ ಟೈಮ್ ಸರ್ವೀಸ್ ಇದನ್ನು ತಿದ್ದಿಬಿಡುತ್ತದೆ ಎಂದು ನಂಬುವಂತಿಲ್ಲ. ಡೊಮೇನಿಗೆ, ಅಂದರೆ ಒಂದು ಕೇಂದ್ರ ಸರ್ವರಿನ ಹಿಡಿತದ ಜಾಲಕ್ಕೆ ಸೇರದ ಯಂತ್ರಗಳಲ್ಲಿ ಅದು ಮೂಲತಃ ಮ್ಯಾನುವಲ್ (ಕರೆದರೆ ಮಾತ್ರ ಏಳುವಂಥದ್ದು), ಸಾಲದ್ದಕ್ಕೆ ವ್ಯತ್ಯಾಸ 54,000 ಸೆಕೆಂಡು, ಅಂದರೆ 15 ಗಂಟೆ ಮೀರಿದ್ದರೆ ತಿದ್ದಲು ಅದು ಒಪ್ಪುವುದಿಲ್ಲ. ಆದ್ದರಿಂದ ಆ ಸರ್ವೀಸನ್ನು ಆಟೋಮ್ಯಾಟಿಕ್ ಮಾಡುತ್ತೇನೆ, ಅದಕ್ಕಿಂತ ಮೊದಲು ಬ್ಯಾಟರಿ ಬದಲಿಸುತ್ತೇನೆ.

ಹಾಗಾದರೆ ನಾನು ನಿಲ್ಲಿಸುವುದು ಏನನ್ನು? ಕಾಟಾದ ಕಂಪ್ಯೂಟರಿನಲ್ಲಿ ಯಾರೂ ಕಡತ ಹುಡುಕುವುದಿಲ್ಲ, ಹಾಗಾಗಿ ವಿಂಡೋಸ್ ಸರ್ಚ್ ಬೇಡ. ಹಿಂದೆ ಸೂಪರ್‌ಫೆಚ್ ಎನ್ನುತ್ತಿದ್ದ ಸಿಸ್‌ಮೇನ್ ಸರ್ವೀಸನ್ನು ರಿಸೋರ್ಸ್ ಮಾನಿಟರಿನಲ್ಲಿ ಡಿಸ್ಕನ್ನು ಕಾಡುತ್ತಿರುವುದು ಕಂಡರೆ ಮಾತ್ರ ನಿಲ್ಲಿಸುತ್ತೇನೆ. ಫ್ಯಾಕ್ಸ್ ಇದ್ದರೆ ಅದೂ ಬೇಡ. ಆರ್‌ಪಿಸಿ, ಪ್ಲಗ್ ಅಂಡ್ ಪ್ಲೇ, ಈವೆಂಟ್ ಲಾಗ್, ಡಿಫೆಂಡರ್, ಫೈರ್‌ವಾಲ್‌ಗೆ ಆಧಾರವಾದ ಬೇಸ್ ಫಿಲ್ಟರಿಂಗ್ ಎಂಜಿನ್, ಇವುಗಳ ಹತ್ತಿರವೂ ಸುಳಿಯುವುದಿಲ್ಲ. ಅನುಮಾನವಿದ್ದಲ್ಲಿ ಡಿಸೇಬಲ್ ಬದಲು ಮ್ಯಾನುವಲ್ ಇಡುತ್ತೇನೆ. ಆಗ ಬೇಕಾದವರು ಕರೆದರೆ ಅದು ಏಳಬಲ್ಲದು. ವಿಂಡೋಸ್ ಅಪ್‌ಡೇಟನ್ನು ಕೊಲ್ಲಲು ಹೋಗುವವರನ್ನು ನಾನು ತಡೆಯುತ್ತೇನೆ. ಅದನ್ನು ಮತ್ತೆ ಎಬ್ಬಿಸಲೆಂದೇ ಇನ್ನೊಂದು ಸರ್ವೀಸ್ ಇದೆ. ಕೊಯ್ಲಿನ ಕಾಲದಲ್ಲಿ, ಅಪ್‌ಡೇಟಿಗಾಗಿ ಯಂತ್ರ ತಾನಾಗಿ ರೀಸ್ಟಾರ್ಟ್ ಆಗದ ಹೊತ್ತಾದ 'ಆಕ್ಟಿವ್ ಅವರ್ಸ್' ಅನ್ನು 18 ಗಂಟೆಗೆ ಏರಿಸಿ, ಅಗತ್ಯವಿದ್ದರೆ ಕೆಲ ವಾರ ಮುಂದೂಡಿದರೆ ಸಾಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಆ ಯಂತ್ರಗಳ ಮಾತು ಬೇರೆ. ಅವುಗಳ ಬಗ್ಗೆ ಸಾಹುಕಾರರ ಮುಂದೆ ಹಣದ ಮಾತನ್ನೇ ಆಡಬೇಕು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಸಿಗುವ ವೇಗವನ್ನು ಯಾವ ಸರ್ವೀಸ್ ನಿಲ್ಲಿಸಿದರೂ ಪಡೆಯಲಾಗುವುದಿಲ್ಲ ಎಂದೂ ಆಗಲೇ ಹೇಳಿಬಿಡುತ್ತೇನೆ.

"ಆಫ್ ಮಾಡಿ ಆನ್ ಮಾಡಿದೆ ಸರ್, ಆದರೂ ಹಾಗೇ ಇದೆ" ಎನ್ನುವವರಿಗೆ ಒಂದು ಮಾತು. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ, ಶಟ್‌ಡೌನ್ ಮಾಡಿದಾಗ ಕರ್ನಲ್ (ವಿಂಡೋಸಿನ ತಿರುಳು) ಮತ್ತು ಸರ್ವೀಸ್‌ಗಳ ಸ್ಥಿತಿ ಡಿಸ್ಕಿಗೆ ಬರೆದಿಟ್ಟುಕೊಂಡು ಮರುದಿನ ಹಾಗೆಯೇ ಎದ್ದು ಬರುತ್ತದೆ. ನಿಜವಾದ ಹೊಸ ಆರಂಭ ಆಗುವುದು ರೀಸ್ಟಾರ್ಟಿನಲ್ಲಿ. ಕಾಟಾದ ಯಂತ್ರಗಳಲ್ಲಿ ಈ ಸೌಲಭ್ಯವನ್ನು ತೆಗೆದುಬಿಡುತ್ತೇನೆ.

ಲಿನಕ್ಸ್ ಇರುವ ಯಂತ್ರಗಳಲ್ಲೂ ತರ್ಕ ಇದೇ. ಅಲ್ಲಿ ಸರ್ವೀಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಯೂನಿಟ್ ಕಡತದಲ್ಲಿ 'ಆಫ್ಟರ್' ಸಾಲು ಸರದಿಯನ್ನು, 'ರಿಕ್ವೈರ್ಸ್' ಅವಲಂಬನೆಯನ್ನು, 'ರೀಸ್ಟಾರ್ಟ್' ಬಿದ್ದಾಗ ಎಬ್ಬಿಸುವುದನ್ನು ಹೇಳುತ್ತವೆ. ಎಲ್ಲವೂ ಒಂದೇ ಪಠ್ಯ ಕಡತದಲ್ಲಿ ಕಣ್ಣೆದುರು ಇರುವುದು ನನಗೆ ಬಹಳ ಇಷ್ಟ.

ಕೈಹಾಕುವ ಮುನ್ನ ಸರ್ವೀಸಸ್ ಕಿಟಕಿಯ ಆಕ್ಷನ್ ಮೆನುವಿನಿಂದ 'ಎಕ್ಸ್‌ಪೋರ್ಟ್ ಲಿಸ್ಟ್' ಮಾಡಿ ಹಳೆಯ ಸ್ಥಿತಿಯನ್ನು ಉಳಿಸಿಕೊಳ್ಳುತ್ತೇನೆ. ಮುಗಿದ ಮೇಲೆ ಏನು ಬದಲಿಸಿದೆ, ಏಕೆ ಎಂದು ಗಿರಣಿಯ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯುತ್ತೇನೆ. ನಾಳೆ ಬೇರೆಯವರು ಬಂದರೂ ಅವರಿಗೆ ದಿಕ್ಕು ತಿಳಿಯಬೇಕು. ಆಮೇಲೆ ಪರೀಕ್ಷೆ. ಪ್ಲಗ್ ಕಿತ್ತು ನೋಡುವ ಧೈರ್ಯವನ್ನು ಡೇಟಾಬೇಸ್ ಇರುವ ಯಂತ್ರದ ಮೇಲೆ ತೋರಿಸಬಾರದು. ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟಾಸ್ಕ್ ಮ್ಯಾನೇಜರಿನಿಂದ ತೂಕದ ಸರ್ವೀಸ್‌ನ ಪ್ರೋಸೆಸನ್ನು ಬೇಕೆಂದೇ ಕೊನೆಗೊಳಿಸುತ್ತೇನೆ. ಒಂದು ನಿಮಿಷದಲ್ಲಿ ಅದು ತಾನಾಗಿ ಎದ್ದು ಪರದೆಯಲ್ಲಿ ತೂಕ ಮರಳಬೇಕು, ಲಾಗಿನಲ್ಲಿ ಸರ್ವೀಸ್ ಹಠಾತ್ತಾಗಿ ನಿಂತದ್ದನ್ನು ಹೇಳುವ 7031 ಕಾಣಬೇಕು. ನಂತರ ರೀಸ್ಟಾರ್ಟ್ ಮಾಡಿ, ಯಾರೂ ಏನನ್ನೂ ಮುಟ್ಟದೆ ಚೀಟಿ ಮುದ್ರಣವಾಗುವವರೆಗೆ ಕಾಯುತ್ತೇನೆ. ಹೊಸ 7000 ಒಂದೂ ಲಾಗಿನಲ್ಲಿ ಇಲ್ಲದಿದ್ದರೆ ಮಾತ್ರ ಬಿಲ್ಲು ಬರೆಯುತ್ತೇನೆ.