ಬೇಲಿಗೆ ಕಾಮಿನಿಯೋ, ಡುರಾಂಟಾವೋ? ಬುಡ ಬೋಳಾಗದಂತೆ ಬೆಳೆಸುವ ಬಗೆ

ಬೆಂಗಳೂರು, ಮೈಸೂರಿನ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ಮನೆ ಮುಂದಿನ ಗಿಡದ ಬೇಲಿಗಳು ಎಷ್ಟೋ ಕಡೆ ಒಂದೇ ಥರ ಕೆಟ್ಟಿರುತ್ತವೆ. ಮೇಲೆ ದಟ್ಟ ಎಲೆ, ಕೆಳಗೆ ಎರಡಡಿ ಬರೀ ಕಡ್ಡಿ. ಬೀದಿ ನಾಯಿ ಅದರೊಳಗೆ ಸಲೀಸಾಗಿ ನುಗ್ಗಿ ಬರುತ್ತದೆ. ನೆಟ್ಟ ಮೊದಲ ವರ್ಷ ಗಿಡಕ್ಕೆ ಕತ್ತರಿ ಹಾಕಲು ಮನಸ್ಸು ಬರದೇ ಇದ್ದರೆ ಹೀಗೇ ಆಗುತ್ತದೆ. ಅದಕ್ಕೇ ಇಲ್ಲಿ ಕತ್ತರಿಸುವ ಕೆಲಸದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಅದಕ್ಕೂ ಮೊದಲು ಗಿಡದ ಆಯ್ಕೆ.

ವರ್ಷವಿಡೀ ಹಸಿರಾಗಿರುವ ಬೇಲಿ ಬೇಕು ಅಂದರೆ ನರ್ಸರಿಯವರು ಸಾಮಾನ್ಯವಾಗಿ ಎರಡು ಗಿಡ ತೋರಿಸುತ್ತಾರೆ: ಕಾಮಿನಿ ಮತ್ತು ಗೋಲ್ಡನ್ ಡುರಾಂಟಾ. ಕಾಮಿನಿಯನ್ನು ಮಧುಕಾಮಿನಿ ಅಂತಲೂ ಕರೆಯುತ್ತಾರೆ. ನಿಂಬೆ, ಕಿತ್ತಳೆ, ಕರಿಬೇವಿನ ಕುಟುಂಬದ ಗಿಡ ಇದು. ಎಲೆ ಕಡು ಹಸಿರು, ಹೊಳಪು. ಮಳೆ ಬಿದ್ದ ಮೇಲೆ ಬಿಳಿ ಹೂವು ಒಟ್ಟೊಟ್ಟಿಗೆ ಅರಳುತ್ತದೆ, ಸಂಜೆ ಹೊತ್ತಿಗೆ ಇಡೀ ಬೀದಿಗೆ ಪರಿಮಳ. ಆಮೇಲೆ ಬರುವ ಕೆಂಪು ಹಣ್ಣಿಗೆ ಪಿಕಳಾರಗಳು ಬರುತ್ತವೆ. ಡುರಾಂಟಾ ಅಮೆರಿಕ ಖಂಡದ ಬೆಚ್ಚನೆಯ ಪ್ರದೇಶಗಳಿಂದ ಬಂದ ಗಿಡ. ನಮ್ಮಲ್ಲಿ ಬೇಲಿಗೆ ಹಾಕುವುದು ಹೆಚ್ಚಾಗಿ ಅದರ ಹಳದಿ ಎಲೆಯ ತಳಿ.

ನನ್ನ ಸಲಹೆ ಇಷ್ಟು. ಎದೆ ಎತ್ತರದ ಮರೆ ಬೇಕಿದ್ದರೆ ಕಾಮಿನಿಯನ್ನೇ ಹಾಕಿ. ಮೊಣಕಾಲೆತ್ತರದ ಅಂಚು ಸಾಕು, ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿದೆ ಅಂದರೆ ಡುರಾಂಟಾ ಹಾಕಬಹುದು. ಡುರಾಂಟಾ ಬೇಗ ಬೆಳೆಯುತ್ತದೆ, ಬೆಲೆಯೂ ಕಡಿಮೆ. ಆ ವೇಗವೇ ಮುಂದೆ ಕೆಲಸ ಹೆಚ್ಚಿಸುತ್ತದೆ. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಕತ್ತರಿ ಹಿಡಿಯದಿದ್ದರೆ ಅದು ಪೊದೆಯಾಗಿ ಬಿಡುತ್ತದೆ. ಕಾಮಿನಿ ನಿಧಾನ. ಆದರೆ ಒಮ್ಮೆ ತುಂಬಿಕೊಂಡರೆ ವರ್ಷಕ್ಕೆ ಮೂರ್ನಾಲ್ಕು ಸಲ ಕತ್ತರಿಸಿದರೆ ಸಾಕು. ನೆರಳಿನ ಜಾಗಕ್ಕಂತೂ ಡುರಾಂಟಾ ಬೇಡವೇ ಬೇಡ. ಹಳದಿ ಎಲೆ ನೋಡಿ ತಂದಿರುತ್ತೀರಿ, ನೆರಳಲ್ಲಿ ಅದು ಹಸಿರಿಗೆ ತಿರುಗುತ್ತದೆ. ಕಾಮಿನಿಗೆ ಬೆಳಗಿನ ನಾಲ್ಕು ಗಂಟೆ ಬಿಸಿಲಿದ್ದರೂ ನಡೆಯುತ್ತದೆ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಡುರಾಂಟಾದ ಕಿತ್ತಳೆ ಬಣ್ಣದ ಕಾಯಿ ವಿಷ. ಚಿಕ್ಕ ಮಕ್ಕಳು, ನಾಯಿಮರಿ ಇರುವ ಮನೆಯಲ್ಲಿ ಅದನ್ನು ಕಾಯಿ ಬಿಡುವ ಮಟ್ಟಕ್ಕೆ ಬೆಳೆಯಲು ಬಿಡಬಾರದು. ಇನ್ನು ಕಾಮಿನಿ. ಹಿತ್ತಲಲ್ಲಿ ನಿಂಬೆ, ಮೂಸಂಬಿ, ಕಿತ್ತಳೆ ಗಿಡ ಇದ್ದರೆ ಕಾಮಿನಿ ಬೇಲಿ ಬೇಡ. ಸಿಟ್ರಸ್ ಸಿಲ್ಲಾ ಅನ್ನುವ ಸಣ್ಣ ಕೀಟ ಕಾಮಿನಿಯ ಎಳೆ ಚಿಗುರಿನಲ್ಲಿ ಮೊಟ್ಟೆ ಇಟ್ಟು ಬೆಳೆಯುತ್ತದೆ. ನಿಂಬೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ರೋಗ ಹರಡುವ ಕೀಟ ಅದೇ. ಕೊಡಗಿನ ಕಿತ್ತಳೆ ತೋಟಗಳು ಸೊರಗಲು ಕಾರಣವಾದವುಗಳಲ್ಲಿ ಈ ರೋಗವೂ ಒಂದು. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ.

ಕರಾವಳಿಯ ಜಂಬಿಟ್ಟಿಗೆ ಮಣ್ಣಿನವರಿಗೆ ಇವೆರಡರ ಬದಲು ಕೇಪಳವೇ ಚೆಂದ. ಅಲ್ಲಿಯ ಹುಳಿ ಮಣ್ಣು, ಮಳೆ ಎರಡಕ್ಕೂ ಅದು ಹೊಂದಿಕೊಂಡ ಗಿಡ.

ಗಿಡ ಕೊಳ್ಳುವಾಗ

ಒಂದಡಿ, ಒಂದೂವರೆ ಅಡಿಯ ಗಿಡ ತನ್ನಿ. ಬುಡದಿಂದಲೇ ಮೂರ್ನಾಲ್ಕು ಕವಲು ಇರಬೇಕು. ‘ತಕ್ಷಣ ಬೇಲಿ ಆಗುತ್ತೆ ಸಾರ್’ ಅಂತ ಐದಡಿಯ ಗಿಡ ತೋರಿಸಿದರೆ ಮರುಳಾಗಬೇಡಿ. ಅಂಥ ಗಿಡಗಳ ಬುಡ ಕವರಿನಲ್ಲಿದ್ದಾಗಲೇ ಬೋಳಾಗಿರುತ್ತದೆ. ಬೇರು ಸುರುಳಿ ಸುತ್ತಿಕೊಂಡಿರುತ್ತದೆ. ದುಡ್ಡು ಜಾಸ್ತಿ, ಬೇಲಿ ತೆಳು.

ನೆಡುವುದು

ಜೂನ್ ಮಳೆ ಹಿಡಿದ ಮೇಲೆ ನೆಡಿ. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೆಗೆಯಿರಿ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಬೆರೆಸಿ ತುಂಬಿ. ಕಾಮಿನಿಗೆ ಒಂದೂವರೆ ಅಡಿ ಅಂತರ, ಡುರಾಂಟಾಕ್ಕೆ ಒಂದಡಿ. ಕವರನ್ನು ಪೂರ್ತಿ ಹರಿದು ತೆಗೆಯಿರಿ. ಕೆಲವರು ಕವರಿಗೆ ಸುಮ್ನೆ ಒಂದು ಸೀಳು ಹಾಕಿ ಹಾಗೇ ಹೂತುಬಿಡುತ್ತಾರೆ. ಮಾಲಿ ನೆಡುವಾಗ ಪಕ್ಕದಲ್ಲಿ ನಿಂತು ನೋಡಿ.

ಕಾಲುವೆ ತೆಗೆಯುವಾಗ ಸಿಮೆಂಟು ಚೂರು, ಸುಣ್ಣ, ಪ್ಲಾಸ್ಟರಿಂಗ್ ಪುಡಿ ಸಿಕ್ಕರೆ ಅದನ್ನೆಲ್ಲ ಎತ್ತಿ ಹೊರಗೆ ಹಾಕಿ. ಮನೆ ಕಟ್ಟಿದವರು ಕಸವನ್ನು ಕಾಂಪೌಂಡ್ ಪಕ್ಕದಲ್ಲೇ ಮುಚ್ಚಿ ಹೋಗುವುದು ಮಾಮೂಲು. ಆ ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗುವುದಿಲ್ಲ. ಕಾಮಿನಿಯ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣ ಅಂದುಕೊಳ್ಳಿ. ವಿಜಯಪುರ, ರಾಯಚೂರು ಕಡೆಯ ಸುಣ್ಣದ ಅಂಶವಿರುವ ಕಪ್ಪು ಮಣ್ಣಿನಲ್ಲೂ ಈ ತೊಂದರೆ ಬರುತ್ತದೆ. ಕೀಲೇಟೆಡ್ ಐರನ್ (ಗಿಡ ಹೀರಿಕೊಳ್ಳಬಲ್ಲ ರೂಪದ ಕಬ್ಬಿಣ) ಕೇಳಿ ತಂದು, ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಎಲೆಗೆ ಸಿಂಪಡಿಸಿ. ಏನಿದೆ ಅಂತಲೇ ಬರೆಯದ ‘ಹಸಿರು ಟಾನಿಕ್’ ಬಾಟಲಿಗಳನ್ನು ಮುಟ್ಟಬೇಡಿ. ಬೇಗ ಬೆಳೆಯಲಿ ಅಂತ ಯೂರಿಯಾ ಸುರಿಯುವುದೂ ಬೇಡ. ಮೆತ್ತನೆಯ ಚಿಗುರು ಬರುತ್ತದೆ, ಅದಕ್ಕೆ ಹೇನು, ಬಿಳಿ ತಿಗಣೆ ಮುತ್ತುತ್ತವೆ.

ಕತ್ತರಿ ಹಾಕುವುದು: ಎಲ್ಲ ಇರುವುದು ಇಲ್ಲೇ

ನೆಟ್ಟ ಗಿಡ ಬೇರು ಹಿಡಿದು ಹೊಸ ಚಿಗುರು ತೋರಿಸಲು ಒಂದು ತಿಂಗಳು, ಒಂದೂವರೆ ತಿಂಗಳು ಬೇಕು. ಚಿಗುರು ಕಂಡ ತಕ್ಷಣ ಮೊದಲ ಕತ್ತರಿ. ಡುರಾಂಟಾವನ್ನು ನೆಲದಿಂದ ಒಂದು ಗೇಣಿಗೆ ಇಳಿಸಿ. ಕಾಮಿನಿಯ ಎತ್ತರದಲ್ಲಿ ಮೂರನೇ ಒಂದು ಭಾಗ ತೆಗೆಯಿರಿ. ಇಲ್ಲೇ ಎಲ್ಲರೂ ಹಿಂಜರಿಯುವುದು. ದುಡ್ಡು ಕೊಟ್ಟು ತಂದ ಗಿಡ, ಈಗಷ್ಟೇ ಚಿಗುರಿದೆ, ಕಡಿಯುವುದು ಹೇಗೆ ಅಂತ. ಆದರೆ ತುದಿ ಇರುವವರೆಗೆ ಗಿಡ ಮೇಲಕ್ಕೇ ಓಡುತ್ತದೆ, ಕೆಳಗಿನ ಮೊಗ್ಗುಗಳನ್ನು ಮಲಗಿಸಿಯೇ ಇಡುತ್ತದೆ. ತುದಿ ಹೋದರೆ ಆ ಮೊಗ್ಗುಗಳು ಎದ್ದು ಪಕ್ಕಕ್ಕೆ ಕವಲೊಡೆಯುತ್ತವೆ. ಬುಡ ತುಂಬುವುದು ಹೀಗೆ, ಬೇರೆ ದಾರಿ ಇಲ್ಲ.

ಆಮೇಲೆ ಪ್ರತಿ ಸಲ ಚಿಗುರು ಅರ್ಧ ಅಡಿ ಬೆಳೆದಾಗ ಅದರಲ್ಲಿ ಅರ್ಧ ಕತ್ತರಿಸಿ. ಅಂದರೆ ಬೇಲಿ ಮೂರು ಮೂರು ಅಂಗುಲವಾಗಿ ಮೇಲೇರಬೇಕು. ನಾಲ್ಕಡಿಗೆ ಬರಲು ಕಾಮಿನಿಗೆ ಸುಮಾರು ಮೂರು ವರ್ಷ ಹಿಡಿಯುತ್ತದೆ. ‘ಮೊದಲು ನಾಲ್ಕಡಿ ಬೆಳೆಯಲಿ, ಆಮೇಲೆ ಕತ್ತರಿಸೋಣ’ ಅನ್ನುವ ಮಾಲಿಗೆ ಖಂಡಿತ ಒಪ್ಪಬೇಡಿ.

ಆಕಾರವೂ ಮುಖ್ಯ. ಬೇಲಿಯ ಬುಡ ಅಗಲ, ತಲೆ ಕಿರಿದು ಇರಬೇಕು. ಎರಡಡಿ ಅಗಲದ ಬುಡಕ್ಕೆ ಒಂದೂಕಾಲು ಅಡಿ ತಲೆ ಸರಿ. ನೇರ ಗೋಡೆಯಂತೆ ಕತ್ತರಿಸಿದರೆ ಸ್ವಲ್ಪ ದಿನದಲ್ಲೇ ಮೇಲ್ಭಾಗ ಹರಡಿ ಕೆಳಗಿನ ಎಲೆಗೆ ನೆರಳು ಕಟ್ಟುತ್ತದೆ. ಬಿಸಿಲು ಕಾಣದ ಎಲೆ ಉದುರುತ್ತದೆ. ಕಣ್ಣಂದಾಜು ಸಾಲದು. ಎರಡು ಕೋಲು ನೆಟ್ಟು ದಾರ ಬಿಗಿದು, ದಾರದ ಮಟ್ಟಕ್ಕೆ ಕತ್ತರಿಸಿ. ಪಕ್ಕಗಳನ್ನು ಮೊದಲು, ಕೆಳಗಿನಿಂದ ಮೇಲಕ್ಕೆ. ತಲೆ ಕೊನೆಗೆ.

ಹೆಡ್ಜ್ ಕತ್ತರಿ ಹರಿತವಾಗಿರಬೇಕು. ಅಗ್ಗದ ತಗಡಿನಂಥ ಕತ್ತರಿ ಎಲೆಯನ್ನು ಜಗಿಯುತ್ತದೆ, ಮೂರೇ ದಿನದಲ್ಲಿ ಬೇಲಿಯ ಮೈಯೆಲ್ಲ ಕಂದು ಅಂಚು. ಕಾಮಿನಿಯ ಕಟ್ಟಿಗೆ ಗಟ್ಟಿ, ಬೆರಳು ದಪ್ಪದ ಕೊಂಬೆಗೆ ಬೇರೆ ಕೈಕತ್ತರಿಯೇ ಬೇಕು. ಒಳ್ಳೆಯ ಉಕ್ಕಿನ ಕತ್ತರಿಗೆ ಖರ್ಚು ಮಾಡಿ, ಗೊಬ್ಬರದಲ್ಲಿ ಉಳಿಸಿ.

ಕಾಮಿನಿಯ ಹೂವು ಬರುವುದು ಚಿಗುರಿನ ತುದಿಯಲ್ಲಿ. ಮೊಗ್ಗು ಕಂಡಾಗ ಕತ್ತರಿಸಿದರೆ ಆ ಸಲದ ಪರಿಮಳ ಹೋಯಿತು. ಹೂವು ಉದುರಲಿ, ಆಮೇಲೆ ಕತ್ತರಿ ಹಿಡಿಯಿರಿ. ಏಪ್ರಿಲ್ ಬಿಸಿಲಲ್ಲಿ ಆಳವಾಗಿ ಕಡಿಯಬೇಡಿ, ಒಳಗಿನ ಎಲೆ ಸುಡುತ್ತದೆ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ಚಿಟ್ಟೆಯ ಮರಿ. ನಿಂಬೆ, ಕರಿಬೇವಿನ ಎಲೆ ತಿನ್ನುವ ಚಿಟ್ಟೆಗಳು ಕಾಮಿನಿಗೂ ಬರುತ್ತವೆ. ನಾಲ್ಕು ಎಲೆ ಹೋದರೆ ಬೇಲಿಗೇನೂ ಆಗುವುದಿಲ್ಲ, ಅಲ್ವಾ?

ಈಗಾಗಲೇ ಬೋಳಾಗಿದ್ದರೆ

ಕಿತ್ತು ಹಾಕುವ ಅಗತ್ಯವಿಲ್ಲ. ಮಳೆಗಾಲದ ಶುರುವಿನಲ್ಲಿ ಡುರಾಂಟಾವನ್ನು ನೆಲದಿಂದ ಒಂದಡಿಗೆ ಕಡಿದುಬಿಡಿ, ಮತ್ತೆ ಚಿಗುರುತ್ತದೆ. ಕಾಮಿನಿಗೆ ತಾಳ್ಮೆ ಬೇಕು. ಈ ವರ್ಷ ಒಂದು ಮಗ್ಗುಲನ್ನು ಮಾತ್ರ ಕಾಂಡದ ಹತ್ತಿರದವರೆಗೆ ಕತ್ತರಿಸಿ, ತಲೆಯನ್ನೂ ಒಂದಡಿ ಇಳಿಸಿ. ಬುಡಕ್ಕೆ ಬೆಳಕು ಬೀಳಬೇಕು. ಇನ್ನೊಂದು ಮಗ್ಗುಲಿನ ಎಲೆ ಗಿಡವನ್ನು ಸಾಕುತ್ತಿರುತ್ತದೆ. ಕಡಿದ ಕಡೆ ಚೆನ್ನಾಗಿ ತುಂಬಿದ ಮೇಲೆ, ಮುಂದಿನ ವರ್ಷ ಆಚೆ ಮಗ್ಗುಲು.

ನಡುವೆ ಗಿಡ ಸತ್ತು ಸಂದಿ ಬಿದ್ದಿದ್ದರೆ ಡುರಾಂಟಾದ ಕಡ್ಡಿಯನ್ನೇ ಜೂನ್‌ನಲ್ಲಿ ಚುಚ್ಚಿ, ಬೇರು ಬಿಡುತ್ತದೆ. ಕಾಮಿನಿಯ ಕಡ್ಡಿ ಹಾಗೆ ಸುಲಭಕ್ಕೆ ಬೇರು ಬಿಡುವುದಿಲ್ಲ. ಅದಕ್ಕೆ ಬೀಜವೇ ವಾಸಿ. ಕೆಂಪಗೆ ಮಾಗಿದ ಹಣ್ಣನ್ನು ಹಿಸುಕಿ, ತಿರುಳು ತೊಳೆದು, ಬೀಜ ಒಣಗುವ ಮೊದಲೇ ಕುಂಡದಲ್ಲಿ ಹಾಕಿ ನೆರಳಲ್ಲಿಡಿ. ಸಸಿ ಒಂದಡಿ ಆದಾಗ ಸಂದಿಯ ಹಳೆ ಮಣ್ಣು ತೆಗೆದು ಹೊಸ ಮಣ್ಣು, ಗೊಬ್ಬರ ತುಂಬಿ ನೆಡಿ. ಅಕ್ಕಪಕ್ಕದ ದೊಡ್ಡ ಗಿಡಗಳ ಕೊಂಬೆ ಅದರ ಮೇಲೆ ಬಾಗದಂತೆ ಆ ವರ್ಷವೆಲ್ಲ ಕತ್ತರಿಸುತ್ತಿರಿ.