ಕಾಂಜಿ ಓದಲು ಬಾರದಿದ್ದರೂ ಅನಿಮೆ ಹಾಡು: ಕರೋಕೆಗೆ ಹಾಡು ಆರಿಸುವ ನನ್ನ ಲೆಕ್ಕ

ಕಾಂಜಿ, ಅಂದರೆ ಜಪಾನಿ ಬರಹದ ಚೀನೀ ಮೂಲದ ಅಕ್ಷರ, ಓದಲು ಬಾರದವರು ಟೋಕಿಯೊದ ಕರೋಕೆ ಕೋಣೆಯಲ್ಲಿ ಅನಿಮೆ ಹಾಡನ್ನು ಕೊನೆಯವರೆಗೆ ಹಾಡುವುದು ಆಗದ ಮಾತು ಎಂದು ಇಲ್ಲಿನ ಕನ್ನಡದ ಗೆಳೆಯರೇ ಹೇಳುತ್ತಿದ್ದರು. ಈಗ ಅವರೇ ನಾನು ಹಾಡಿನ ಸಾಹಿತ್ಯ ಬರೆದುಕೊಂಡ ಹಾಳೆಗಳ ಫೋಟೊ ತೆಗೆದುಕೊಳ್ಳುತ್ತಾರೆ. ಯಂತ್ರ ಬಳಸುವುದು, ಹಾಡು ಹುಡುಕುವುದು ನಿಮಗೆ ಗೊತ್ತೇ ಇದೆ. ಹಾಡು ಆರಿಸುವ ವಿಷಯಕ್ಕೇ ಬರುತ್ತೇನೆ.

ಎಲ್ಲರೂ ಆರಿಸುವುದು ಇಷ್ಟದ ಹಾಡನ್ನು, ಇಲ್ಲವೇ ನಿಧಾನದ ಹಾಡನ್ನು. ಎರಡೂ ಕೈಕೊಡುತ್ತವೆ. ನೋಡಬೇಕಾದದ್ದು ಹಾಡಿನ ಅತಿ ಕಿಕ್ಕಿರಿದ ಹತ್ತು ಸೆಕೆಂಡುಗಳಲ್ಲಿ ಎಷ್ಟು ಮಾತ್ರೆ ಇವೆ ಎಂಬುದನ್ನು. ನಲವತ್ತರಿಂದ ಐವತ್ತರೊಳಗಿದ್ದರೆ ಹೊಸಬರೂ ಹಾಡಬಹುದು. ಅರವತ್ತರ ಹತ್ತಿರ ಹೋದರೆ ವಾರಗಟ್ಟಲೆ ನಾಲಿಗೆ ತಿರುಗಿಸಬೇಕು. ಅದಕ್ಕೂ ಮೇಲಿದ್ದರೆ ಬಿಟ್ಟುಬಿಡಿ. 2023ರ ‘ಐಡೊರು’ (ಒಶಿ ನೊ ಕೊ ಸರಣಿಯದು) ಹಾಡನ್ನು ಪ್ರತಿ ಗುಂಪಿನಲ್ಲೂ ಯಾರಾದರೂ ಹಾಕಿಯೇ ಹಾಕುತ್ತಾರೆ. ರ‍್ಯಾಪ್ ಭಾಗ ಬಂದಕೂಡಲೇ ಮೈಕ್ ಕೆಳಗಿಳಿಯುತ್ತದೆ, ಏಕೆಂದರೆ ಅಲ್ಲಿ ಉಸಿರೆಳೆಯಲು ಜಾಗವೇ ಇಲ್ಲ.

ಮಾತ್ರೆ ಎಣಿಸಲು ಕನ್ನಡಿಗರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ಸಾಕು. ಜಪಾನಿಯಲ್ಲಿ ಒಂದು ಕಾನಾ (ಉಚ್ಚಾರವನ್ನಷ್ಟೇ ತೋರಿಸುವ ಅಕ್ಷರ) ಎಂದರೆ ಒಂದು ಮಾತ್ರೆ. ‘ಝನ್ಕೊಕು ನ ತೆನ್ಶಿ ನೊ ತೇಝೆ’ ಎಂಬ ಇವಾಂಗೆಲಿಯನ್ ಹಾಡಿನ ಹೆಸರನ್ನೇ ತೆಗೆದುಕೊಳ್ಳಿ. ಒತ್ತಕ್ಷರದ ಹಿಂದಿನದು ಗುರು, ದೀರ್ಘವೂ ಗುರು, ಉಳಿದದ್ದು ಲಘು. ನಾಲ್ಕು, ಒಂದು, ಮೂರು, ಒಂದು, ಮೂರು: ಒಟ್ಟು ಹನ್ನೆರಡು. ಕಾನಾದಲ್ಲಿ ಬರೆದರೂ ಹನ್ನೆರಡೇ. ಎಚ್ಚರ ಬೇಕಾದದ್ದು ತ್ಸು, ಕ್ಯ, ಶ್ಯ, ರ್ಯೊ ಇಂಥವುಗಳಲ್ಲಿ. ಇವು ಜಪಾನಿಯಲ್ಲಿ ಒಂದೇ ಮಾತ್ರೆ, ಹಿಂದಿನ ಅಕ್ಷರವನ್ನು ಗುರು ಮಾಡುವುದಿಲ್ಲ. ನಮ್ಮ ಶಿಥಿಲದ್ವಿತ್ವದ ಹಾಗೆ ನೋಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಹಾಳೆಯನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕು ಎಂಬುದು ನನ್ನ ಹಟ. ರೋಮನ್ ಅಕ್ಷರದಲ್ಲಿ ಹ್ರಸ್ವ ದೀರ್ಘ ಕಲಸಿಹೋಗುತ್ತವೆ. ‘ಯೋ’ವನ್ನು ‘you’ ಎಂದು ಬರೆದಿದ್ದರೆ ಓದುವ ಕಣ್ಣು ‘ಯು’ ಎನ್ನುತ್ತದೆ. ಎ ಏ, ಒ ಓ ಎರಡನ್ನೂ ಬೇರೆ ಬೇರೆ ಬರೆಯುವ ಲಿಪಿ ಕೈಯಲ್ಲಿರುವಾಗ ಆ ಕಷ್ಟ ಯಾಕೆ? ಆದರೆ ಎರಡು ತಿದ್ದುಪಡಿ ಬೇಕು. ಒಂದು, ದೀರ್ಘವನ್ನು ಬಿಡಿಸಿ ‘ಯೊ-ಒ’ ಎಂದು ಬರೆಯಿರಿ, ಯಾಕೆಂದರೆ ಎಷ್ಟೋ ಕಡೆ ಆ ಎರಡಕ್ಕೂ ಬೇರೆ ಬೇರೆ ಸ್ವರ ಇರುತ್ತದೆ. ಇನ್ನೊಂದು, ಅರ್ಧ ನಕಾರವನ್ನು ‘ತೆ-ನ್-ಶಿ’ ಎಂದು ಒಂಟಿಯಾಗಿ ನಿಲ್ಲಿಸಿ. ಹಾಡಿನಲ್ಲಿ ಸಾಮಾನ್ಯವಾಗಿ ಆ ‘ನ್’ಗೂ ತನ್ನದೇ ಸ್ವರ ಇರುತ್ತದೆ. ‘ತೆನ್’ ಎಂದು ಒಂದೇ ಏಟಿಗೆ ನುಂಗಿದರೆ ಒಂದು ಮಾತ್ರೆ ಮುಂದೆ ಓಡುತ್ತೀರಿ, ಪರದೆಯ ಮೇಲೆ ಬಣ್ಣ ತುಂಬುತ್ತಾ ಬರುವ ಅಕ್ಷರಗಳು ಹಿಂದೆ ಉಳಿಯುತ್ತವೆ. ತಾಳ ತಪ್ಪಿತೆಂದು ಗಾಬರಿಯಾಗುವುದು ಅಲ್ಲೇ. ಹಾಳೆಯಲ್ಲಿ ಉಸಿರಿನ ಜಾಗಕ್ಕೆ ನಾನು ಬೇರೆ ಒಂದು ಗುರುತು ಹಾಕುತ್ತೇನೆ. ಅದನ್ನು ಎಲ್ಲಿ ಹಾಕಬೇಕೆಂಬುದು ನನ್ನ ಬಳಿಯೇ ಇರಲಿ, ಅವರವರ ಶ್ವಾಸಕ್ಕೆ ತಕ್ಕಂತೆ ಕಂಡುಕೊಳ್ಳಬೇಕಾದದ್ದು ಅದು.

ಇನ್ನು ಟಿವಿಯ ಮೋಸ. ಟಿವಿಯಲ್ಲಿ ಬರುವುದು ಒಂದೂವರೆ ನಿಮಿಷ. ಯಂತ್ರ ನುಡಿಸುವುದು ಪೂರ್ತಿ ಹಾಡನ್ನು, ಅಂದರೆ ಸುಮಾರು ನಾಲ್ಕು ನಿಮಿಷ. ಎರಡನೇ ಚರಣದ ಸಾಹಿತ್ಯ ಯಾರಿಗೂ ಬಾಯಿಪಾಠ ಇರುವುದಿಲ್ಲ. ನಡುವೆ ಕಿವಿಗೇ ಬೀಳದ ಒಂದು ಹೊಸ ಭಾಗ ಬರುತ್ತದೆ, ಕೊನೆಯ ‘ಸಾಬಿ’ (ಪಲ್ಲವಿ) ಕೆಲವು ಹಾಡುಗಳಲ್ಲಿ ಅರ್ಧ ಸ್ವರವೋ ಒಂದು ಸ್ವರವೋ ಮೇಲಕ್ಕೆ ಹಾರುತ್ತದೆ. ಡ್ಯಾಮ್, ಜಾಯ್‌ಸೌಂಡ್ ಎರಡು ಯಂತ್ರಗಳಲ್ಲೂ ಕೆಲವು ಹಾಡುಗಳಿಗೆ ಟಿವಿ ಅಳತೆಯ ಆವೃತ್ತಿ ಪ್ರತ್ಯೇಕ ಇದೆ. ಮೊದಲು ಅದನ್ನು ಹುಡುಕಿ.

ಶ್ರುತಿಯ ವಿಷಯಕ್ಕೆ ಬಂದರೆ, ಕೀ ಗುಂಡಿಯ ಒಂದು ಒತ್ತಿಗೆ ಅರ್ಧ ಸ್ವರ. ಗಂಡುದನಿಯವರು ಹೆಣ್ಣುದನಿಯ ಹಾಡನ್ನು ಒಂದು ಸ್ಥಾಯಿ ಕೆಳಗೆ ಹಾಡಲು ಹೋಗಿ ಚರಣದಲ್ಲಿ ಗೊಣಗುತ್ತಾರೆ, ಮಾತೇ ಕೇಳಿಸುವುದಿಲ್ಲ. ಸ್ಥಾಯಿ ಇಳಿಸಿದ ಮೇಲೆ ಕೀಯನ್ನು ಮೂರೋ ನಾಲ್ಕೋ ಒತ್ತು ಮೇಲೇರಿಸಿ. ‘ಸೀಕ್ರೆಟ್ ಬೇಸ್’ ಹಾಡಿಗೆ ಇದು ಸರಿಯಾಗಿ ಕೂತಿದೆ. ಅದು 2001ರ ಝೋನ್ ತಂಡದ ಹಾಡು, 2011ರ ಅನೊಹಾನಾ ಸರಣಿಯಿಂದ ಅನಿಮೆಯವರಿಗೂ ತಲುಪಿತು. ಗತಿ ಸಮಾಧಾನದ್ದು, ಧಾಟಿ ಮರಳಿ ಮರಳಿ ಬರುತ್ತದೆ. 1989ರ ‘ಚಾ-ಲಾ ಹೆಡ್-ಚಾ-ಲಾ’ (ಡ್ರ್ಯಾಗನ್ ಬಾಲ್ ಝಡ್) ಗಂಡಸರದೇ ಹಾಡು, ಆದರೂ ಎರಡು ಒತ್ತು ಇಳಿಸದಿದ್ದರೆ ಗಂಟಲು ಕಟ್ಟುತ್ತದೆ.

ನನ್ನ ಮೆಚ್ಚಿನದು 2001ರ ಸ್ಪಿರಿಟೆಡ್ ಅವೇ ಚಿತ್ರದ ‘ಇತ್ಸುಮೊ ನಂದೊ ದೆಮೊ’. ಮೂರರ ಎಣಿಕೆ, ಸುಗಮ ಸಂಗೀತ ಹಾಡಿಕೊಂಡು ಬೆಳೆದವರಿಗೆ ತಾಳ ತಾನಾಗಿಯೇ ಬರುತ್ತದೆ. ಒಂದೇ ಧಾಟಿ ಸುತ್ತಿ ಬರುತ್ತದೆ, ನಡುವೆ ಬರೀ ‘ಲ ಲ’ ಹಾಡುವ ಜಾಗವೂ ಇದೆ. ಆದರೆ ವಾದ್ಯ ತೆಳು. ಅಪಸ್ವರವನ್ನು ಮುಚ್ಚಿಹಾಕುವ ಡ್ರಮ್ ಇಲ್ಲ, ಹೀಗಾಗಿ ಶ್ರುತಿ ನಿಲ್ಲದವರು ಇದನ್ನು ಮುಟ್ಟಬಾರದು. ಅಂಥವರಿಗೆ 1988ರ ‘ತೊನಾರಿ ನೊ ತೊತೊರೊ’ ವಾಸಿ, ಪಲ್ಲವಿಗೆ ಕೋಣೆಯವರೆಲ್ಲ ದನಿ ಸೇರಿಸುತ್ತಾರೆ. ಮೇಲೆ ಹೇಳಿದ ಇವಾಂಗೆಲಿಯನ್ ಹಾಡಿನಲ್ಲಿ ಇರುವ ಅಡಚಣೆ ಒಂದೇ. ಉದ್ದನೆಯ ಪೀಠಿಕೆ ಇಲ್ಲದೆ ದನಿಯಿಂದಲೇ ಶುರುವಾಗುವುದರಿಂದ ಶ್ರುತಿ ಹಿಡಿಯಲು ಹೊತ್ತಿಲ್ಲ. ಮೊದಲ ಸ್ವರವನ್ನು ಹಾಡು ಹಾಕುವ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ‘ಗುರೆಂಗೆ’ (ಡೀಮನ್ ಸ್ಲೇಯರ್) ಬೇಡ. ‘ಬ್ಲೂ ಬರ್ಡ್’ (ನರುಟೊ) ಕೂಡ ಬೇಡ, ಅದು ಸಾಬಿಯಿಂದಲೇ ಶುರು, ಅದೂ ತಾರದಲ್ಲಿ.

ಅಂಕದ ಬಗ್ಗೆ ಒಂದಿಷ್ಟು ಪರೀಕ್ಷೆ ಮಾಡಿದ್ದೇನೆ. ಡ್ಯಾಮ್‌ನ ಸೂಕ್ಷ್ಮ ಅಂಕ ವ್ಯವಸ್ಥೆ ಸ್ವರದ ನಿಖರತೆಯ ಜೊತೆಗೆ ದನಿಯ ಏರಿಳಿತವನ್ನೂ ನೋಡುತ್ತದೆ. ಚರಣದಲ್ಲಿ ಮೈಕನ್ನು ಒಂದು ಗೇಣು ದೂರ ಹಿಡಿದು, ಸಾಬಿಯಲ್ಲಿ ಬಾಯಿಯ ಹತ್ತಿರ ತಂದರೆ ಏರಿಳಿತದ ಅಂಕ ಏರುತ್ತದೆ, ಗಂಟಲಿಗೆ ಹೆಚ್ಚು ಕೆಲಸವಿಲ್ಲ. ಎಕೋ ತಗ್ಗಿಸಿ, ಸಂಗೀತದ ಸದ್ದನ್ನೂ ಎರಡು ಮೂರು ಹಂತ ತಗ್ಗಿಸಿ. ಯಂತ್ರ ಇದ್ದ ಹಾಗೆಯೇ ಬಿಟ್ಟರೆ ನಿಮ್ಮ ದನಿ ನಿಮಗೇ ಕೇಳದೆ ಕಿರುಚುತ್ತೀರಿ, ಮೂರನೇ ಹಾಡಿಗೆ ಗಂಟಲು ಮುಗಿದಿರುತ್ತದೆ. ತೊಂಬತ್ತು ದಾಟಿಸುವ ಇನ್ನೊಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ದುಡ್ಡು ಹೆಚ್ಚು ಹಾಳಾಗುವುದು ಶನಿವಾರ ಸಂಜೆ ಗುಂಪಿನ ಎದುರು ಹೊಸ ಹಾಡು ಪರೀಕ್ಷಿಸುವುದರಿಂದ. ಅಭ್ಯಾಸಕ್ಕೆ ವಾರದ ದಿನ ಹಗಲು ಒಬ್ಬರೇ ಹೋಗಿ. ‘ಹಿತೊಕಾರಾ’ ಎಂದು ಜಪಾನಿನಲ್ಲಿ ಅದು ಮಾಮೂಲಿ, ಯಾರೂ ತಿರುಗಿ ನೋಡುವುದಿಲ್ಲ. ನೆನಪಿನಿಂದ ಹೇಳುವುದಾದರೆ ಹಗಲಿನಲ್ಲಿ ಅರ್ಧ ಗಂಟೆಗೆ ಇನ್ನೂರು ಮುನ್ನೂರು ಯೆನ್, ಗಂಟೆಗಟ್ಟಲೆ ಹಾಡುವ ‘ಫ್ರೀ ಟೈಮ್’ಗೆ ಸಾವಿರದಿಂದ ಸಾವಿರದೈನೂರು. ವಾರಾಂತ್ಯದ ರಾತ್ರಿ ಅದರ ಎರಡು ಪಟ್ಟಿಗೂ ಹೆಚ್ಚು. ಕಡ್ಡಾಯವಾಗಿ ಕೊಳ್ಳಬೇಕಾದ ಪಾನೀಯಕ್ಕೆ ಮತ್ತೆ ನಾನೂರೋ ಐನೂರೋ. ಮಾನೆಕಿನೆಕೊ ಎಂಬ ಕರೋಕೆ ಸರಪಳಿಯ ಹೆಚ್ಚಿನ ಶಾಖೆಗಳಲ್ಲಿ ಹೊರಗಿನ ತಿಂಡಿ ಒಯ್ಯಬಹುದು, ಚಿತ್ರಾನ್ನದ ಡಬ್ಬಿಗೂ ತಕರಾರಿಲ್ಲ. ಹಾಡುಗಳ ಪಟ್ಟಿ ಎರಡು ಯಂತ್ರಗಳಲ್ಲಿ ಒಂದೇ ಅಲ್ಲ, ಹಾಗಾಗಿ ಕೋಣೆ ಹಿಡಿಯುವಾಗಲೇ ಯಾವ ಯಂತ್ರ ಎಂದು ಕೇಳಿ.

ಬೆಂಗಳೂರಿನಲ್ಲಿ ಅಭ್ಯಾಸ ಮಾಡುವವರು ಯೂಟ್ಯೂಬಿನಲ್ಲಿ ಹಾಡಿನ ಹೆಸರಿನ ಜೊತೆ ‘ಆಫ್ ವೋಕಲ್’ ಎಂದು ಹಾಕಿ ಹುಡುಕಿ. ಅನಿಮೆ ಹಾಡುಗಳ ಸಿಡಿಗಳಲ್ಲಿ ದನಿಯಿಲ್ಲದ ಆವೃತ್ತಿ ಕೊಡುವ ರೂಢಿ ಇದೆ.

ಸಮಯ ಮುಗಿಯಲು ಹತ್ತು ನಿಮಿಷ ಇರುವಾಗ ಕೌಂಟರಿನಿಂದ ಕೋಣೆಯ ಫೋನಿಗೆ ಕರೆ ಬರುತ್ತದೆ. ಆಗ ಐದು ನಿಮಿಷ ದಾಟುವ ‘ಸೀಕ್ರೆಟ್ ಬೇಸ್’ ಹಾಕಿದರೆ ಬೇರೆಯವರ ಸರದಿ ತಿಂದ ಹಾಗಾಗುತ್ತದೆ. ಟಿವಿ ಅಳತೆಯ ಹಾಡಾದರೆ ನಾಲ್ಕು ಹಿಡಿಯುತ್ತವೆ, ಒಬ್ಬೊಬ್ಬರಿಗೂ ಒಂದೊಂದು ಸಿಗುತ್ತದೆ.